ಜಪ್ಪಯ್ಯ ಅಂದರೂ ಕದಲದ ಕೆಂಪು ಬಿಲ್ಲೆ

ವಿಜ್ಞಾನದ ಮೇಷ್ಟ್ರು ಪಾಠಕ್ಕೆಂದು ಕೇರಂ ಬೋರ್ಡಿಗೆ ಪೌಡರ್ ಬಳಿದು, ನಡುವೆ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದರು. ಎಲ್ಲರ ನೆತ್ತಿಯ ಮೇಲೆ ಕೂತ ಕೆಂಪು ಬಿಲ್ಲೆಗೆ ಜಂಬವೋ ಜಂಬ.

“ಜಪ್ಪಯ್ಯ ಅಂದ್ರೂ ನಾನು ಕದಲೋದಿಲ್ಲ. ನಮ್ಮ ವಂಶದ ಗುಣವೇ ಅದು” ಎಂದಿತು.

“ಅಪ್ಪಣೆ, ದೊರೆ” ಎಂದಿತು ಸ್ಟ್ರೈಕರ್. ಮೇಷ್ಟ್ರ ಬೆರಳು ಚಿಮ್ಮಿದ್ದೇ ತಡ, ಸುಯ್ಯೆಂದು ಬಂದು ಅಡಿಯ ಬಿಲ್ಲೆಗೆ ಹೊಡೆಯಿತು. ಅದೊಂದೇ “ಹೋಯ್!” ಎನ್ನುತ್ತಾ ಹಾರಿತು, ಮಿಕ್ಕವು ಇದ್ದಲ್ಲೇ ತೊಪ್ಪನೆ ಕೆಳಗಿಳಿದವು.

“ನೋಡಿದೆಯಾ? ಕದಲಲಿಲ್ಲ!” ಎಂದು ಬೀಗಿತು ಕೆಂಪು.

ಸ್ಟ್ರೈಕರ್ ಮತ್ತೆ ಮತ್ತೆ ಹೊಡೆಯಿತು. ಒಂದೊಂದು ಏಟಿಗೂ ಅಡಿಯದೊಂದು ಹಾರಿತು, ಕೆಂಪು ಒಂದು ಮೆಟ್ಟಿಲು ಇಳಿಯಿತು. ಆದರೂ “ಕದಲಲಿಲ್ಲ!” ಎಂಬ ಕೂಗು ನಿಲ್ಲಲಿಲ್ಲ. ಕೊನೆಗೆ ಅದರ ಹೊಟ್ಟೆಗೆ ಬೋರ್ಡು ತಣ್ಣಗೆ ತಗುಲಿತು. ಕೆಳಗೆ ಯಾರೂ ಉಳಿದಿರಲಿಲ್ಲ.

“ಈಗ ತಮ್ಮ ಪಾಳಿ, ದೊರೆ” ಎಂದಿತು ಸ್ಟ್ರೈಕರ್.

ಟಪ್! ಹೊಡೆದ ಸ್ಟ್ರೈಕರ್ ಅಲ್ಲೇ ನಿಂತಿತು. ಕೆಂಪು ಮಾತ್ರ ಈ ಅಂಚಿಗೆ ಬಡಿದು, ಆ ಅಂಚಿಗೆ ಬಡಿದು, ಗಿರಗಿರನೆ ತಿರುಗುತ್ತಾ ಜಾರಿತು. ಪೌಡರು ಹೊಟ್ಟೆಗೆ ಕಚಗುಳಿ ಇಟ್ಟಿತು; ನಗು ತಡೆಯಲಾಗಲಿಲ್ಲ.

“ಸಾಕು ದೊರೆ, ನಿಲ್ಲಿ!” ಎಂದು ಕೂಗಿತು ಸ್ಟ್ರೈಕರ್.

ಹುಟ್ಟಿದಾಗಿನಿಂದ ನಿಂತೇ ಇದ್ದ ಕೆಂಪು ಅದರ ಪಕ್ಕದಲ್ಲೇ ಸುಯ್ಯನೆ ಹಾದುಹೋಗುತ್ತಾ ಕಿರುಚಿತು: “ನಿಲ್ಲೋದು ಹೇಗೋ ಮಾರಾಯ? ಯಾರಾದ್ರೂ ಹೇಳಿಕೊಡ್ರೋ!”