ಹುಲಿಗೆವ್ವ ಚಾಚಿದ ಕೈ

ಬಲು ಹಿಂದೆ, ಒಂದೂರಿನಲ್ಲಿ ಸುಣ್ಣ ಸುಡುವವರ ಕೇರಿಯೊಂದಿತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ, ಕಂಡವರು ಯಾರೂ ಉಳಿದಿಲ್ಲ. ಆ ಊರಲ್ಲಿ ಗೌಡರ ಮನೆಯ ಹೆಣ್ಣು ಮಂಕಾಗಿ ಕೂತರೆ ಪಂಡಿತರು ಬರುತ್ತಿದ್ದರಂತೆ. ಸುಣ್ಣದ ಕೇರಿಯ ಹೆಣ್ಣು ಮಂಕಾಗಿ ಕೂತರೆ ಬರೆ ಹಾಕುವ ಮುದುಕ ಬರುತ್ತಿದ್ದನಂತೆ. ಕರಿ ಮೈಯವರಿಗೆ ದೆವ್ವ ಬೇಗ ಹಿಡಿಯುತ್ತದೆ, ಕಾದ ಕಬ್ಬಿಣ ತಾಗಿದರೇ ಬಿಡುತ್ತದೆ ಅಂತ ಊರೆಲ್ಲ ನಂಬಿತ್ತು. ಬಡವರ ಮೈ ಮೇಲೆ ಯಾರ ಮದ್ದಾದರೂ ನಡೆಯುತ್ತದೆ ನೋಡಿ!

ಆ ಕೇರಿಯ ಹುಲಿಗೆವ್ವ ಚಿಕ್ಕವಳಿದ್ದಾಗ ಮಂಕಾಗಿ ಕೂತ ಅವಳ ಅಕ್ಕ ದ್ಯಾಮವ್ವನಿಗೂ ಬರೆ ಹಾಕಿಸಿದರಂತೆ. ಮಣಿಕಟ್ಟು ಬಿಗಿಯಾಗಿ ಹಿಡಿ, ಅಕ್ಕ ನೆಟ್ಟಗಾಗುತ್ತಾಳೆ ಅಂತ ಅವ್ವ ಹೇಳಿದಳು. ಹುಲಿಗೆವ್ವ ಹಿಡಿದಳು. ಆಮೇಲೆ ದ್ಯಾಮವ್ವ ಅಳಲಿಲ್ಲ, ಕೆಲಸಕ್ಕೂ ಹೋದಳು. ವಾಸಿಯಾಯಿತು ಅಂದರು ಎಲ್ಲರೂ. ಆದರೆ ಸಾಯುವವರೆಗೂ ಅವಳು ತಂಗಿಗೆ ತನ್ನ ಕೈ ಮುಟ್ಟಗೊಡಲಿಲ್ಲವಂತೆ. ಆ ಸಂಕಟ ಹುಲಿಗೆವ್ವನ ಎದೆಯಿಂದ ಇಳಿಯಲೇ ಇಲ್ಲ.

ವರ್ಷಗಳು ಹೋದವು. ನೆರೆಮನೆಯ ಕರಿಯವ್ವನ ಹಸುಗೂಸು ತೀರಿಕೊಂಡಿತು. ಮೂರನೆಯ ದಿನವೇ ಸುಣ್ಣದ ಭಟ್ಟಿಯ ಸಾಹುಕಾರ ಅವಳನ್ನು ಕೆಲಸಕ್ಕೆ ಕರೆಸಿದ. ಹೋದಳು, ಕಲ್ಲು ಹೊತ್ತಳು. ಸಂಜೆ ಬಂದು ಗೋಡೆಗೆ ಒರಗಿದವಳು ಮತ್ತೆ ಮಾತಾಡಲಿಲ್ಲ, ಉಣ್ಣಲಿಲ್ಲ. ಅತ್ತೆ ಮುದುಕನಿಗೆ ಹೇಳಿಕಳಿಸಿದಳು.

ಹುಲಿಗೆವ್ವ ಹೋಗಿ ಕರಿಯವ್ವನ ಮುಂದೆ ಕೂತು, ಅಂಗೈ ಚಾಚಿದಳಂತೆ. ಮುಟ್ಟಲಿಲ್ಲ, ಏನೂ ಕೇಳಲಿಲ್ಲ. ಒಂಬತ್ತು ದಿನ ಕೂತಳು ಅನ್ನುವವರಿದ್ದಾರೆ. ಮೂರು ಅನ್ನುತ್ತಿದ್ದಳು ನಮ್ಮಜ್ಜಿ. ಚಾಚಿದ್ದು ತಮ್ಮ ಕೈ ಅಲ್ಲವಲ್ಲ, ದಿನ ಹೆಚ್ಚಿಸಲು ಜನಕ್ಕೇನು!

ಕೊನೆಗೆ ಮುದುಕ ಬಂದ. ಕಬ್ಬಿಣ ಕೆಂಪಗೆ ಕಾಯಿತು. ಕರಿಯವ್ವನ ಕೈ ಹಿಡಿದುಕೋ ಅಂತ ಅತ್ತೆ ಹೇಳಿದರೆ, ಹುಲಿಗೆವ್ವ ತನ್ನ ಕೈಯನ್ನೇ ಮುದುಕನತ್ತ ನೀಡಿದಳು.

“ಹಾಕೋದಿದ್ರ ಮೊದಲು ಇದಕ್ಕ ಹಾಕು, ಅಜ್ಜಾ. ನಮ್ಮಕ್ಕನ್ನ ಹಿಡಿದ ಕೈ ಇದು.”

ಮುದುಕ ಸಿಟ್ಟಿನಲ್ಲಿ ಕಬ್ಬಿಣ ಎತ್ತಿಯೇ ಬಿಟ್ಟನಂತೆ. ಆಗ ಕರಿಯವ್ವ ಆ ಅಂಗೈ ಮೇಲೆ ತನ್ನ ಕೈಯಿಟ್ಟು ಮುಚ್ಚಿದಳು.

“ಬ್ಯಾಡ,” ಅಂದಳು. ಆಮೇಲೆ, “ನನ್ನ ಕೂಸು ಸತ್ರ ಅಳಾಕೂ ಬಿಡಲಿಲ್ಲಲ್ರೋ,” ಅಂತ ಬೋರಾಡಿ ಅತ್ತಳು.

ಅತ್ತೆಯೂ ಅತ್ತಳು. ಅವಳ ಬೆನ್ನ ಮೇಲೂ ಹಳೆಯ ಬರೆಯಿತ್ತು. ಮುದುಕ ಬಂದ ದಾರಿ ಹಿಡಿದ. ಕೇರಿಯ ಹೆಂಗಸರೆಲ್ಲ ಬಂದು ಅಲ್ಲೇ ಕೂತರು. ಮರುದಿನ ಭಟ್ಟಿ ಉರಿಯಲಿಲ್ಲ. ಸಾಹುಕಾರ ಬಂದು ಕೂಗಾಡಿದ, ಯಾರೂ ಏಳಲಿಲ್ಲ. ಕೂಸು ಸತ್ತವಳನ್ನು ತಿಂಗಳವರೆಗೆ ಕೆಲಸಕ್ಕೆ ಕರೆಯುವುದಿಲ್ಲ ಅಂತ ಅವನ ಬಾಯಿಂದಲೇ ಬರುವವರೆಗೆ ಕೂತೇ ಇದ್ದರಂತೆ. ದೆವ್ವ ಎಲ್ಲಿತ್ತು ಅನ್ನುವುದು ಆವತ್ತು ಕೇರಿಗೆ ಗೊತ್ತಾಯಿತು.

ಆಮೇಲೆ ಹುಲಿಗೆವ್ವ ಸುತ್ತಲಿನ ಕೇರಿಗಳಿಗೆಲ್ಲ ಹೋದಳು. ಹೋದಲ್ಲೆಲ್ಲ ಮಂಕಾಗಿ ಕೂತವರ ಮುಂದೆ ಅಂಗೈ ಚಾಚಿ ಕೂತಳು. ಕೆಲವರು ಕೈಯಿಡಲಿಲ್ಲ. ನಾಳೆ ಬರುತ್ತೇನೆ ಅಂತ ಹೇಳಿ, ಬರುತ್ತಿದ್ದಳಂತೆ.

ಈಗ ಭಟ್ಟಿಯೂ ಇಲ್ಲ, ಬರೆಯೂ ಇಲ್ಲ. ಆದರೆ ಆ ಊರ ಮದುವೆಯಲ್ಲಿ ಇವತ್ತಿಗೂ ಗಂಡು ಹೆಣ್ಣಿನ ಕೈ ಹಿಡಿಯುವುದಿಲ್ಲ. ಅಂಗೈ ಚಾಚಿ ನಿಲ್ಲುತ್ತಾನೆ. ಅವಳಾಗಿ ಕೈಯಿಡುವವರೆಗೆ ವಾಲಗ ಊದುವುದಿಲ್ಲ, ಅಕ್ಕಿಕಾಳು ಯಾರ ಮುಷ್ಟಿಯಿಂದಲೂ ಬೀಳುವುದಿಲ್ಲ. ಒಮ್ಮೆ ಒಬ್ಬ ಮದುಮಗಳು ಕೈಯಿಡಲೇ ಇಲ್ಲವಂತೆ. ಬಂದವರೆಲ್ಲ ಊಟ ಮಾಡಿದರು, ಅವಳಿಗೂ ಬಡಿಸಿದರು, ಆಮೇಲೆ ಅವಳನ್ನು ತವರಿಗೇ ಕರೆದುಕೊಂಡು ಹೋದರು.