ಸಾಕು ಅಂದರೆ ಯಾರ ಬಟ್ಟೆ ಅವರಿಗೆ

ಮೊದಲು ತಾಯಿಯ ಹೆಸರು ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ. ಅವಳು ಓಬಮ್ಮ. ಮಗ ತಿಪ್ಪೇಶಿ. ನೇಕಾರರ ಕೇರಿಯಲ್ಲಿ ಮನೆ, ಮನೆಯೊಳಗೆ ಎರಡು ಮಗ್ಗ. ಮೂವತ್ತು ತುಂಬಿದ ಆಳು ಈ ತಿಪ್ಪೇಶಿ. ಮಗ್ಗದ ಮುಂದೆ ಕೂತರೆ ಒಂದು ಎಳೆ ತಪ್ಪುವವನಲ್ಲ. ಮಗ್ಗ ಬಿಟ್ಟು ಎದ್ದನೋ, ಮುಗಿಯಿತು! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹೇಳಿದ ಹಾಗೇ ಅಂದರೆ ಹೇಳಿದ ಹಾಗೇ, ಒಂದಕ್ಷರ ಆಚೆಯಿಲ್ಲ, ಒಂದಕ್ಷರ ಈಚೆಯಿಲ್ಲ.

ಅವನಿಗೂ ಮದುವೆಯಾಯಿತು. ಹುಡುಗಿಯ ಹೆಸರು ಸಾಕಮ್ಮ. ಅವಳ ಅಪ್ಪ ಮಲಿಯಪ್ಪನಿಗೆ ಮೂರು ಹೆಣ್ಣಾದ ಮೇಲೆ ನಾಲ್ಕನೆಯದೂ ಹೆಣ್ಣೇ ಆಯಿತು. ತೊಟ್ಟಿಲೊಳಗೆ ಬಗ್ಗಿ ನೋಡಿದವನೇ "ಇನ್ನು ಸಾಕು" ಅಂದ. ಅದೇ ಹೆಸರಾಯಿತು. ಮನೆಯಲ್ಲಿ ಸಾಕು, ಕೇರಿಯಲ್ಲಿ ಸಾಕು, ನಲ್ಲಿಯ ಹತ್ತಿರ ಸಾಕು. ಸಾಕೂ, ನೀರು ತಾ. ಸಾಕೂ, ಒಲೆ ಹಚ್ಚು. ಸಾಕೂ, ಇನ್ನೂ ಮುಗೀಲಿಲ್ವಾ? ಈ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಧಾರೆ ಮುಗಿಯಿತು. ಮಲಿಯಪ್ಪ ಕಣ್ಣೊರೆಸಿಕೊಂಡು ಹೇಳಿದ: "ಅಳಿಯಂದಿರೇ, ನನ್ನ ಮಗಳ ಕೈ ಬಿಡಬೇಡಿ."

ಬಿಡಲಿಲ್ಲ. ಊಟದ ಪಂಕ್ತಿಯಲ್ಲಿ ಬಿಡಲಿಲ್ಲ, ಬಸ್ಸಿನಲ್ಲಿ ಬಿಡಲಿಲ್ಲ, ಹೊಸಿಲು ದಾಟುವಾಗ ಬಿಡಲಿಲ್ಲ. "ಬಿಡ್ರೀ, ಕೈ ಜೋಮು ಹಿಡಿದಿದೆ, ಸಾಕು" ಅಂದಳು ಹುಡುಗಿ. "ಮಾವ ಹೇಳಿದಾರೆ!" ಅಂದ ಇವನು. ಮಾರನೆಯ ದಿನ ಮಾವನೇ ಓಡಿಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಬಿಡಿಸಿದವನು ಜಗಲಿಯ ಮೇಲೆ ನಿಂತು ಕೂಗಿದ: "ಇನ್ನು ಇಂಥಾದ್ದು ಏನಾದರೂ ನನ್ನ ಕಿವಿಗೆ ಬೀಳಲಿ! ಮಗಳನ್ನ ಕರಕೊಂಡು ಹೋಗ್ತೀನಿ. ತಿರುಗಿ ಕಳಿಸೋ ಮಾತಿಲ್ಲ!"

ಅಂದಿನಿಂದ ಓಬಮ್ಮನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. "ಲೋ ಮಗನೇ, ಆ ಹುಡುಗಿ ಹೋದರೆ ನಾನು ಸತ್ತ ಮೇಲೆ ನಿನಗೆ ಯಾರೋ? ನಾಲ್ಕು ಜನರ ಜೊತೆ ಕೂತು ಏಳು, ಬುದ್ಧಿ ಬರುತ್ತೆ. ಮುಚ್ಚುಮರೆ ಮಾಡಬೇಡ. ಏನಿದ್ದರೂ ಬಿಚ್ಚಿ ಮಾತಾಡು!"

"ಆಗಲಿ ಅವ್ವ!" ಅಂದ ತಿಪ್ಪೇಶಿ.

ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ಮಗ್ಗ ತುಳಿಯುವುದಿಲ್ಲ. ಮಧ್ಯಾಹ್ನ ಚನ್ನವೀರನ ಮಗ್ಗದ ಮನೆಯಲ್ಲಿ ಇಸ್ಪೀಟು. ಚನ್ನವೀರ, ಗಿಡ್ಡೋಬ, ಎಲ್ಲರಿಗೂ ಹಿರಿಯ ಹಾಲಪ್ಪ, ಈ ಮೂವರು ಕೂರುವುದು. "ದುಡ್ಡು ಕಟ್ಟಿದರೆ ಎಲೆಗಳನ್ನ ಒಲೆಗೆ ಹಾಕ್ತೀನಿ" ಅಂತ ಚನ್ನವೀರನ ಹೆಂಡತಿ ಗೌರಕ್ಕ ಖಡಾಖಂಡಿತ ಹೇಳಿದ್ದಳು. ಹಾಗಾಗಿ ಮೈಮೇಲಿನದನ್ನೇ ಪಣ ಕಟ್ಟುತ್ತಿದ್ದರು. ತಲಾ ಮೂರೆಲೆ, ಸೋತವನು ಒಂದು ಬಟ್ಟೆ ಬಿಚ್ಚಿ ನಡುವೆ ಇಡಬೇಕು. ನಗಬೇಡಿ. ಅಂಥ ಮರ್ಯಾದೆಯ ಆಟ ನಾನು ಬೇರೆ ಕಂಡಿಲ್ಲ. ಬಾಗಿಲು ಹಾಕಿರಬೇಕು. ಕುಡಿದು ಬಂದವನಿಗೆ ಚಾಪೆಯಿಲ್ಲ. ಚಡ್ಡಿಯಿಂದ ಆಚೆಗೆ ಆಟವಿಲ್ಲ. ಸೋತವನ ಬಟ್ಟೆಗೆ ಇನ್ನೊಬ್ಬ ಕೈ ಹಾಕುವ ಹಾಗಿಲ್ಲ. ಅವನೇ ಬಿಚ್ಚಬೇಕು, ಮನಸ್ಸಿದ್ದರೆ. ಒಂದೇ ಒಂದು ವಿಷಯಕ್ಕೆ ಜಗಳವಿತ್ತು: ಚಪ್ಪಲಿ ಎರಡೂ ಸೇರಿ ಒಂದೋ, ಬೇರೆ ಬೇರೆಯೋ? ಅದು ಮಾತ್ರ ಹಾಲಪ್ಪನಿಂದಲೂ ಬಗೆಹರಿದಿರಲಿಲ್ಲ.

ತಿಪ್ಪೇಶಿ ಬಾಗಿಲು ತಟ್ಟಿದ. ಒಳಗೆ ಬಂದ. ಅಂಗಿ ಬಿಚ್ಚಿದ. ಬನಿಯನ್ನು ಬಿಚ್ಚಿದ. ಪಂಚೆ ಬಿಚ್ಚಿ ಮಡಿಸಿಟ್ಟ. ಆಮೇಲೆ ಕೈಮುಗಿದು "ನಮಸ್ಕಾರ ಹಾಲಣ್ಣ, ಊಟ ಆಯ್ತಾ?" ಅಂದ.

"ಏನೋ ಇದು ಅವತಾರ!"

"ಬಿಚ್ಚಿ ಮಾತಾಡು ಅಂದಳು ಅವ್ವ!"

"ಅಯ್ಯೋ ಪೆದ್ದೇ!" ಅಂದ ಹಾಲಪ್ಪ. "ಇನ್ನೂ ಎಲೆ ಹಾಕಿಲ್ಲ, ಯಾರೂ ಸೋತಿಲ್ಲ, ನಿನ್ನನ್ನ ಯಾರು ಬಿಚ್ಚು ಅಂದರು? ಮೊದಲು ಕೇಳಬೇಕು. ಎದುರಿಗಿರೋರು ಬಾಯಿಬಿಟ್ಟು ಹೂಂ ಅನ್ನಬೇಕು. ಸುಮ್ಮನಿದ್ದರೆ ಅದು ಹೂಂ ಅಲ್ಲ. ತಲೆ ಬಗ್ಗಿಸಿದರೂ ಹೂಂ ಅಲ್ಲ. ಹೂಂ ಅಂದರೆ ಮಾತ್ರ ಹೂಂ! ತಿಳೀತಾ?"

"ತಿಳೀತು ಹಾಲಣ್ಣ!"

ಮಾರನೆಯ ದಿನ ತಿಪ್ಪೇಶಿ ಅಂಗಳದಲ್ಲಿ ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸು ಎಳೆದು ಗಂಜಿ ಹಚ್ಚಿ ಒಣಗಲು ಬಿಟ್ಟಿದ್ದ. ಅಕ್ಕಿಗಂಜಿಯ ವಾಸನೆಗೆ ಪಕ್ಕದ ಮನೆಯ ಮೇಕೆ ಬಂತು. ನೂಲು ಜಗಿಯತೊಡಗಿತು. ತಿಪ್ಪೇಶಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ.

"ಓಡಿಸಲಾ?"

ಮೇಕೆ ಸುಮ್ಮನಿತ್ತು. ಸುಮ್ಮನಿದ್ದರೆ ಅದು ಹೂಂ ಅಲ್ಲ.

"ಓಡಿಸಲಾ?"

ಮೇಕೆ ತಲೆ ಬಗ್ಗಿಸಿತು. ತಲೆ ಬಗ್ಗಿಸಿದರೂ ಹೂಂ ಅಲ್ಲ.

"ಓಡಿಸಲಾ?"

"ಮ್ಯಾ" ಅಂದಿತು ಮೇಕೆ. ಮ್ಯಾ ಅಂದರೆ ಹೂಂ ಅಲ್ಲವೇ ಅಲ್ಲ! ಎರಡು ಸೀರೆಯ ಹಾಸು ಮೇಕೆಯ ಹೊಟ್ಟೆಗೆ ಹೋಯಿತು.

ಓಬಮ್ಮ ತಲೆತಲೆ ಚಚ್ಚಿಕೊಂಡಳು. "ಮೇಕೇನ ಯಾರಾದರೂ ಕೇಳ್ತಾರೇನೋ! ಇದು ನಿನ್ನ ಮಾವನ ಕಿವಿಗೆ ಬಿದ್ದರೆ ಹುಡುಗಿ ಇವತ್ತೇ ಹೋದಳು! ನೋಡು, ಈ ಮನೆಯ ಒಳಗೆ ನಡೆದದ್ದನ್ನ ಹೊರಗೆ ಆಡಬೇಡ. ಯಾರು ಕೇಳಿದರೂ ಬಾಯಿಬಿಡಬೇಡ!"

"ಆಗಲಿ ಅವ್ವ!"

ಮೂರು ದಿನ ಕಳೆಯಿತು. ಸಾಕಮ್ಮ ನೀರಿಗೆ ಹೋಗಿದ್ದಳು. ಬಚ್ಚಲಲ್ಲಿ ಓಬಮ್ಮ ಜಾರಿ ದೊಪ್ಪನೆ ಬಿದ್ದಳು. ಕಾಲು ಉಳುಕಿತು. "ಅಯ್ಯೋ, ಗೌರನ್ನ ಕರಿಯೋ! ಓಡೋ!" ಓಡಿದ. ಗೌರಕ್ಕ ಬಾಗಿಲಲ್ಲೇ ಇದ್ದಳು.

"ಏನೋ ಅದು ಸದ್ದು?"

ತಿಪ್ಪೇಶಿ ಬಾಯಿ ಮೇಲೆ ಕೈ ಇಟ್ಟುಕೊಂಡ.

"ನಿಮ್ಮವ್ವ ಕೂಗಿದ ಹಂಗಾಯ್ತಲ್ಲ?"

ಎರಡೂ ಕೈ ಇಟ್ಟುಕೊಂಡ. ಗೌರಕ್ಕನ ಜಗಲಿಯ ಮೇಲೆ ಹಾಗೇ ಕೂತ. ಒಳಗೆ ನಡೆದದ್ದನ್ನ ಹೊರಗೆ ಆಡಬಾರದಲ್ಲ! ಸಾಕಮ್ಮ ನೀರು ಹೊತ್ತು ಬರುವವರೆಗೆ ಓಬಮ್ಮ ಬಚ್ಚಲ ಕಲ್ಲಿನ ಮೇಲೇ ಇದ್ದಳು.

ಸೊಸೆ ಎತ್ತಿ ಕೂರಿಸಿ ಗಂಡನ ಕಡೆ ತಿರುಗಿದಳು. "ನೋವಾದರೆ ಹೇಳಬೇಕು ಕಣ್ರೀ, ಯಾರ ಹತ್ತಿರ ಆದರೂ ಹೇಳಬೇಕು" ಅಂದು ಎಣ್ಣೆ ಕಾಯಿಸಲು ಒಳಗೆ ಹೋದಳು. ಮಗ ಎಣ್ಣೆ ಹಚ್ಚಿ ತಾಯಿಯ ಕಾಲು ತಿಕ್ಕತೊಡಗಿದ. ಮಗ್ಗ ತುಳಿದ ಮೈ, ಬಲಕ್ಕೇನು ಕಮ್ಮಿ!

"ಸಾಕೋ!" ಅಂತ ಕಿರುಚಿದಳು ಓಬಮ್ಮ.

"ಸಾಕೂ, ಅವ್ವ ಕರೀತಾಳೆ!" ಅಂದ ತಿಪ್ಪೇಶಿ. ತಿಕ್ಕಿದ.

"ಅಯ್ಯೋ ಸಾಕು, ಸಾಕು!"

"ಬಾರೇ ಸಾಕೂ, ಎರಡು ಸಲ ಕರೆದಳು!" ಇನ್ನೂ ಜೋರಾಗಿ ತಿಕ್ಕಿದ.

ಓಬಮ್ಮ ಇನ್ನೊಂದು ಕಾಲಿಂದ ಒದ್ದಳು. "ಲೋ! ಯಾರಾದರೂ ಸಾಕು ಅಂದರೆ ಅವರು ನಿನ್ನ ಹೆಂಡ್ತೀನ ಕರೆದದ್ದಲ್ಲ! ಸಾಕು ಅಂದರೆ ನಿಲ್ಲಿಸಬೇಕು. ಅಲ್ಲಿಗೇ ನಿಲ್ಲಿಸಬೇಕು. ಯಾಕೆ ಅಂತ ಕೇಳಬಾರದು. ಅರ್ಥ ಆಯ್ತೇನೋ?"

"ಆಯ್ತವ್ವ" ಅಂದ ತಿಪ್ಪೇಶಿ. ಆಗಿತ್ತು ಕೂಡ. ಇದೊಂದು ಮಾತು ಅವನೊಳಗೆ ಗೂಟದ ಹಾಗೆ ಇಳಿಯಿತು.

ಮತ್ತೆ ಅಮಾವಾಸ್ಯೆ. ಮತ್ತೆ ಚನ್ನವೀರನ ಮಗ್ಗದ ಮನೆ. ಈ ಸಲ ತಿಪ್ಪೇಶಿ ಬಟ್ಟೆ ತೊಟ್ಟುಕೊಂಡೇ ಕೂತ. ಒಬ್ಬೊಬ್ಬರನ್ನೂ ಕೇಳಿದ, ಒಬ್ಬೊಬ್ಬರೂ ಹೂಂ ಅಂದರು. ಹಾಲಪ್ಪನಿಗೆ ಬಹಳ ಸಂತೋಷವಾಯಿತು. "ನೋಡಪ್ಪ, ಇನ್ನೊಂದಿದೆ. ನಮ್ಮಲ್ಲಿ ಯಾರು ಸಾಕು ಅಂದರೂ ಆಟ ಮುಗೀತು. ಯಾರ ಬಟ್ಟೆ ಅವರಿಗೆ ವಾಪಸ್ಸು. ನಗೋ ಹಾಗಿಲ್ಲ, ಆಮೇಲೆ ಆಡಿಕೊಳ್ಳೋ ಹಾಗಿಲ್ಲ."

"ಗೊತ್ತು, ಅವ್ವ ಹೇಳಿದಾಳೆ!"

ಎಲೆ ಹಾಕಿದರು. ಹಾಲಪ್ಪನ ಟವೆಲು ಹೋಯಿತು, ಚನ್ನವೀರನ ಅಂಗಿ ಹೋಯಿತು. ಗಿಡ್ಡೋಬ ಸೋತದ್ದೇ ಸೋತದ್ದು. ಅಂಗಿ ಹೋಯಿತು, ಪಂಚೆ ಹೋಯಿತು, ಮತ್ತೂ ಸೋತ, ಉಳಿದದ್ದು ಬನಿಯನ್ನು. ಬನಿಯನ್ನಿನ ಅಂಚು ಹಿಡಿದುಕೊಂಡು ಕೂತ, ಎತ್ತಲಿಲ್ಲ. ಮುಂದಿನ ಆಟದ ಎಲೆ ಆಗಲೇ ಹಾಕಿಯಾಗಿತ್ತು. ಅಷ್ಟರಲ್ಲಿ ಹೊರಗೆ ಗೌರಕ್ಕನ ದನಿ: "ಏ ಸಾಕೂ! ನಲ್ಲೀಲಿ ನೀರು ಬಂತೇನೇ?"

ತಿಪ್ಪೇಶಿ ಕೈಲಿದ್ದ ಎಲೆ ಬಿಸಾಕಿದ. ಟವೆಲನ್ನು ಹಾಲಪ್ಪನ ಹೆಗಲಿಗೆ ಹಾಕಿದ, ಅಂಗಿಯನ್ನು ಚನ್ನವೀರನ ತೊಡೆಗಿಟ್ಟ, ಪಂಚೆಯನ್ನು ಗಿಡ್ಡೋಬನಿಗೆ ಹೊದಿಸಿದ.

"ಲೋ ಲೋ! ನನ್ನ ಕೈಲಿ ಮೂರು ಎಕ್ಕ ಇದ್ದವಲ್ಲೋ!" ಹಾಲಪ್ಪ ಎಲೆ ತಿರುಗಿಸಿ ತೋರಿಸಿದ. "ಜನ್ಮದಲ್ಲಿ ಒಂದೇ ಸಲ ಬರೋದು! ಅವಳು ನಿನ್ನ ಹೆಂಡ್ತೀನ ಕರೆದದ್ದೋ!"

"ಸಾಕು ಅಂದರೆ ನಿಲ್ಲಿಸಬೇಕು ಹಾಲಣ್ಣ. ಯಾಕೆ ಅಂತ ಕೇಳಬಾರದು."

ಚನ್ನವೀರ ಹೊಡೆಯಲು ಎದ್ದ. ಗಿಡ್ಡೋಬ ಅಡ್ಡ ಬಂದ. ಬನಿಯನ್ನಿನೊಳಗೆ ಅವನ ಬೆನ್ನ ತುಂಬ ಸುಟ್ಟ ಗಾಯದ ಕಲೆ. ಹೆಂಡತಿ ಬಿಟ್ಟು ಯಾರಿಗೂ ತೋರಿಸಿದವನಲ್ಲ. "ಬಿಡು ಚನ್ನಣ್ಣ" ಅಂದ ಮೆಲ್ಲಗೆ. "ಸಾಕು ಅನ್ನಬೇಕು ಅಂತ ನಾನೇ ಬಾಯಿಗೆ ತಂದುಕೊಂಡಿದ್ದೆ. ಹೊರಗೆ ಬರ್ತಾ ಇರಲಿಲ್ಲ."

ಚನ್ನವೀರ ತಿರುಗಿ ಕೂತ. ಹಾಲಪ್ಪ ತನ್ನ ಮೂರು ಎಕ್ಕವನ್ನು ತಾನೇ ಕಟ್ಟಿನೊಳಗೆ ಸೇರಿಸಿದ.

ನೋವಾದರೆ ಹೇಳಬೇಕು ಅಂದಿದ್ದಳಲ್ಲ ಹೆಂಡತಿ, ಚನ್ನವೀರ ಹೊಡೆಯಲು ಎದ್ದ ನೋವನ್ನು ತಿಪ್ಪೇಶಿ ಹೋಗಿ ಅವಳಿಗೇ ಹೇಳಿದ. ಆಟ ಹೇಗೆ, ಕೇಳುವುದು ಹೇಗೆ, ನಿಲ್ಲಿಸುವುದು ಹೇಗೆ, ಎಲ್ಲ ಹೇಳಿದ. ಸಾಕಮ್ಮ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಸಾಕು ಅಂದರೆ ನಿಜವಾಗಿ ನಿಲ್ಲಿಸ್ತಾರಾ?"

"ನಿಲ್ಲಿಸಲೇಬೇಕು!"

ಅವಳು ಕಟ್ಟಿದಷ್ಟು ಹೂವನ್ನು ಮುಡಿದುಕೊಂಡಳು. "ನಾವಿಬ್ಬರೂ ಆಡೋಣವಾ ರೀ?"

"ನಿನಗೆ ಒಪ್ಪಿಗೆನಾ?"

"ಹೂಂ. ನಿಮಗೆ?"

"ಹೂಂ!"

ಬಾಗಿಲು ಹಾಕಿದರು. ಎಲೆ ಹಾಕಿದರು. ಇವನ ಟವೆಲು ಹೋಯಿತು, ಅಂಗಿ ಹೋಯಿತು. ಅವಳ ಮುಡಿಯ ಕನಕಾಂಬರ ಹೋಯಿತು, ಒಂದು ಕಾಲುಚೈನು ಹೋಯಿತು, ಇನ್ನೊಂದೂ ಹೋಯಿತು. ಮತ್ತೆ ಸೋತಳು. ಸೆರಗಿನ ಪಿನ್ನಿಗೆ ಕೈ ಹೋಯಿತು. ಕೈಯನ್ನು ಅಲ್ಲೇ ಇಟ್ಟುಕೊಂಡು, ಅವನ ಮುಖ ನೋಡುತ್ತ, ಬಹಳ ಸಣ್ಣ ದನಿಯಲ್ಲಿ ಅಂದಳು:

"ಸಾಕು."

ತಿಪ್ಪೇಶಿ ಎಲೆ ಕೆಳಗಿಟ್ಟ. ಹೂವನ್ನು ಅವಳ ಮುಂದಿಟ್ಟ. ಒಂದು ಚೈನು ಇಟ್ಟ, ಇನ್ನೊಂದು ಇಟ್ಟ. ತನ್ನ ಅಂಗಿ ಹಾಕಿಕೊಂಡ. ಯಾಕೆ ಅಂತ ಕೇಳಲಿಲ್ಲ, ಮುಖ ಊದಿಸಲಿಲ್ಲ. "ನೀರು ಕುಡೀತೀಯಾ?" ಅಂದ.

ಸಾಕಮ್ಮ ಇಪ್ಪತ್ತನಾಲ್ಕು ವರ್ಷ ಆ ಮಾತನ್ನು ಹೊತ್ತುಕೊಂಡು ತಿರುಗಿದವಳು. ಯಾರ ಬಾಯಲ್ಲಿ ಬಂದರೂ ಅವಳು ಎದ್ದು ಓಡಬೇಕಿತ್ತು. ಅವಳ ಬಾಯಲ್ಲಿ ಬಂದಾಗ ಯಾರೂ ನಿಂತದ್ದಿಲ್ಲ. ಇವತ್ತು ಒಬ್ಬ ನಿಂತ. ಅವಳು ಹೂವನ್ನು ತಿರುಗಿ ಮುಡಿದುಕೊಂಡಳು, ಕಣ್ಣೊರೆಸಿಕೊಂಡಳು, ಎಲೆಗಳನ್ನು ಕೈಗೆತ್ತಿಕೊಂಡು ಕಲಸಿದಳು.

"ಇನ್ನೊಂದಾಟ ಆಡೋಣ ರೀ. ನನಗೆ ಒಪ್ಪಿಗೆ."

ಆಮೇಲೆ ಏನಾಯಿತು ಅಂತ ನನ್ನನ್ನು ಕೇಳಬೇಡಿ. ಒಳಗೆ ನಡೆದದ್ದನ್ನ ಹೊರಗೆ ಆಡಬಾರದು.

ಆದರೆ ಮೇಕೆಯ ಸುದ್ದಿ, ಬಚ್ಚಲ ಸುದ್ದಿ, ಎಕ್ಕದ ಸುದ್ದಿ ಮೂರೂ ಒಟ್ಟಿಗೇ ಮಲಿಯಪ್ಪನಿಗೆ ಮುಟ್ಟಿದವು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಬರುತ್ತಾನಂತೆ! ಓಬಮ್ಮ ನಡುಗಿಹೋದಳು. "ಲೋ, ಮದುವೇಲಿ ಮಾವ ಕೊಟ್ಟ ಬಟ್ಟೆ ತೊಟ್ಟುಕೋ. ನೋಡಿ ಮನಸ್ಸು ಕರಗಲಿ." ತಿಪ್ಪೇಶಿ ಮಾವ ಕೊಟ್ಟ ಶಲ್ಯ, ಮಾವ ಕೊಟ್ಟ ಅಂಗಿ, ಮಾವ ಕೊಟ್ಟ ಪಂಚೆ ಉಟ್ಟು ಜಗಲಿಯ ಮೇಲೆ ನಿಂತ.

ಮಲಿಯಪ್ಪ ಬಂದ. ಜಗಲಿ ಹತ್ತಲಿಲ್ಲ. ಬೀದಿಯಲ್ಲೇ ನಿಂತು ಕೂಗಿದ: "ಸಾಕೂ!"

ತಿಪ್ಪೇಶಿ ಶಲ್ಯ ತೆಗೆದು ಮಡಿಸಿ ಮಾವನ ಕೈಗಿಟ್ಟ.

"ಏನಿದು?"

"ನಿಮ್ಮದು ಮಾವ."

"ಇವನಿಗೇನಾಗಿದೆ! ಸಾಕೂ, ಹೊರಡು!"

ಅಂಗಿ ಬಿಚ್ಚಿ ಕೊಟ್ಟ.

"ಸಾಕೂ! ಗಂಟು ಕಟ್ಟು ಅಂದೆ!"

ಪಂಚೆ ಬಿಚ್ಚಿ ಕೊಟ್ಟ. ಕೇರಿಗೆ ಕೇರಿಯೇ ಹೊರಗೆ ಬಂದಿತ್ತು. ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತ ತಿಪ್ಪೇಶಿ ಗಂಭೀರವಾಗಿ ಹೇಳಿದ: "ಇದು ನಿಮ್ಮದಲ್ಲ ಮಾವ. ಅವ್ವ ಹೊಲಿಸಿದ್ದು."

ಗದ್ದದವರೆಗೆ ಬಟ್ಟೆ ಹೊತ್ತ ಮಲಿಯಪ್ಪ ಕೆಂಡವಾದ. "ಎಲ್ಲಾ ವಾಪಸ್ಸು ಕೊಟ್ಟೆಯಲ್ಲ, ನನ್ನ ಮಗಳನ್ನೂ ಕೊಡು ಮತ್ತೆ!"

"ಅವಳು ಬಟ್ಟೆಯಲ್ಲ ಮಾವ. ಅವಳನ್ನ ಕೇಳಬೇಕು. ಬಾಯಿಬಿಟ್ಟು ಹೂಂ ಅನ್ನಬೇಕು. ಸುಮ್ಮನಿದ್ದರೆ ಅದು ಹೂಂ ಅಲ್ಲ."

ಮಲಿಯಪ್ಪ ಬಾಗಿಲ ಕಡೆ ನೋಡಿದ. ಮಗಳು ಹೊಸಿಲ ಮೇಲೆ ನಿಂತಿದ್ದಳು. ಇವಳನ್ನು ಏನನ್ನಾದರೂ ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಈಗ ಮೊದಲ ಸಲ ಕೇಳಿದ:

"ಬರ್ತೀಯೇನಮ್ಮ?"

"ಇಲ್ಲಪ್ಪ. ಇಲ್ಲೇ ಇರ್ತೀನಿ."

"ಈ ಪೆದ್ದನ ಜೊತೆ?"

"ನಾನು ಸಾಕು ಅಂದರೆ ಇವರು ನಿಲ್ಲಿಸ್ತಾರಪ್ಪ. ನೀನು ಆ ಮಾತನ್ನ ನನಗೆ ಹೆಸರಿಟ್ಟೆ. ನನ್ನ ಬಾಯಿಂದ ಒಂದು ಸಲಾನೂ ಕೇಳಿಸ್ಕೊಳ್ಳಲಿಲ್ಲ."

ಸಾಕು ಅನ್ನುವುದು ಕಿವಿಗೆ ಬಿದ್ದದ್ದೇ ತಿಪ್ಪೇಶಿ ಚಡ್ಡಿಯ ಲಾಡಿಗೆ ಕೈ ಹಾಕಿ ಅವ್ವನ ಕಡೆ ತಿರುಗಿದ. "ಬೇಡ್ವೋ!" ಅಂತ ಓಬಮ್ಮ ಚೀರಿದಳು.

ಮಲಿಯಪ್ಪ ಜಗಲಿಯ ಮೇಲೆ ಕುಸಿದು ಕೂತ. ಹೊತ್ತ ಬಟ್ಟೆಯಲ್ಲೇ ಮುಖ ಒರೆಸಿಕೊಂಡ. ಬಹಳ ಹೊತ್ತಾದ ಮೇಲೆ ಚಪ್ಪಲಿ ಬಿಟ್ಟು ಮಗಳ ಹಿಂದೆ ಒಳಗೆ ಬಂದ. ಓಬಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಉಳುಕಿದ ಕಾಲನ್ನು ಎಳೆದುಕೊಂಡೇ ಎದ್ದಳು. "ಬೀಗರೇ, ಉಂಡುಕೊಂಡೇ ಹೋಗಬೇಕು! ಸಾರು ಇಳಿಸ್ತೀನಿ. ಲೋ ತಿಪ್ಪೇಶಿ, ಮಾವನಿಗೆ ಎಲೆ ಹಾಕೋ!"

"ಆಗಲಿ ಅವ್ವ!"

ತಿಪ್ಪೇಶಿ ಹೋಗಿ ಬೀದಿಬಾಗಿಲು ಹಾಕಿದ. ಚಾಪೆ ಹಾಸಿದ. ಮಾವನ ಮುಂದೆ ಮೂರೆಲೆ ಹಾಕಿದ, ತನ್ನ ಮುಂದೆ ಮೂರೆಲೆ ಹಾಕಿದ. ಚಡ್ಡಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಬಹಳ ಮರ್ಯಾದೆಯಿಂದ ಕೈಮುಗಿದು ಕೇಳಿದ:

"ಮೊದಲು ಕೇಳಬೇಕು. ನಿಮಗೆ ಒಪ್ಪಿಗೆನಾ ಮಾವ? ಹೊರಗೆ ಬಿಟ್ಟ ಚಪ್ಪಲಿ ಎರಡೂ ಸೇರಿ ಒಂದಾ, ಬೇರೆ ಬೇರೆನಾ?"