ಎಲೆಯಲ್ಲಿ ಜಾಗವಿಲ್ಲದ ಅಡುಗೆ

“ಬುದ್ಧೀ, ನನ್ನ ಕಾದಂಬರಿ ಯಾವ ಬಗೆಯದು ಅಂತ ಬರೆಯಲಿ?”

ಮರುಳಸಿದ್ಧ ಹೀಗೆ ಕೇಳಿದ್ದು ಮಠದ ಜಗಲಿಯ ಮೇಲೆ, ಗುರುಗಳ ಎದುರು ಕೂತು. ತೊಡೆಯ ಮೇಲೆ ಹಸ್ತಪ್ರತಿಯ ಗಂಟು. ನಾನೂರ ಹನ್ನೆರಡು ಪುಟ. ಸುತ್ತಲ ಏಳು ಹಳ್ಳಿಯಲ್ಲಿ ನಾಲ್ಕು ಪುಟ ದಾಟಿಸಿದ ಗಂಡು ಇನ್ನೊಬ್ಬನಿಲ್ಲ ಎಂದು ಅವನು ಆಗಲೇ ಎರಡು ಸಲ ಹೇಳಿ ಆಗಿತ್ತು.

ಪಟ್ಟಣದ ಪ್ರಕಾಶಕರೊಬ್ಬರು ಸ್ಪರ್ಧೆ ಇಟ್ಟಿದ್ದರು. ಗೆದ್ದದ್ದನ್ನು ಅಚ್ಚು ಹಾಕುತ್ತಾರೆ. ಅರ್ಜಿಯಲ್ಲಿ ಒಂದು ಖಾನೆ: ಸಾಮಾಜಿಕವೋ, ಐತಿಹಾಸಿಕವೋ, ಪತ್ತೇದಾರಿಯೋ, ಪ್ರೇಮವೋ, ಹಾಸ್ಯವೋ, ಒಂದನ್ನೇ ಬರೆಯಬೇಕು. ಒಂದೊಂದು ಬಗೆಗೆ ಒಬ್ಬೊಬ್ಬ ತೀರ್ಪುಗಾರರು. ಬಗೆ ತಪ್ಪಿ ಬಂದದ್ದನ್ನು ಪೂರ್ತಿ ಓದದೆ ಹಿಂದಕ್ಕೆ ಕಳಿಸುತ್ತಾರೆ. ಗಡುವಿಗೆ ಇನ್ನು ಹತ್ತು ದಿನ. ಮೂರು ವರ್ಷದ ದುಡಿಮೆ ಆ ಒಂದು ಖಾನೆಯ ಮೇಲೆ ನಿಂತಿತ್ತು.

ಕತೆಯಲ್ಲಿ ಕಳೆದುಹೋದ ಎಮ್ಮೆಯೊಂದನ್ನು ಹುಡುಕುತ್ತಾರೆ. ಅಷ್ಟು ಕೇಳಿದ ಗ್ರಂಥಾಲಯದವರು ಪತ್ತೇದಾರಿ ಎಂದರು. ಹುಡುಕುತ್ತ ಹೋದವರಿಗೆ ಪಾಳೆಯಗಾರರ ಕಾಲದ ಕೆರೆಯ ಸಂಗತಿ ಎದುರಾಗುತ್ತದೆ. ಹೈಸ್ಕೂಲು ಮೇಷ್ಟರು ಐತಿಹಾಸಿಕ ಎಂದರು. ಎಮ್ಮೆ ಸಿಕ್ಕ ಮನೆಯ ಹುಡುಗಿಗೂ ಎಮ್ಮೆಯ ಒಡೆಯನಿಗೂ ಕಡೆಗೆ ಮದುವೆ. ಟಪಾಲಿನವನು ಪ್ರೇಮ ಎಂದ. ಕತೆಯೊಳಗಿನ ಅಜ್ಜಿಯೊಬ್ಬಳ ಬೈಗುಳ ಕೇಳಿ ಬಸ್ಸು ಕಾಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕು, ಹಾಸ್ಯ ಎಂದರು. ಗಂಟನ್ನು ಮಾತ್ರ ಅವನು ಯಾರ ಮುಂದೆಯೂ ಬಿಚ್ಚಿರಲಿಲ್ಲ. ಅಚ್ಚಾದ ಮೇಲೆ ಕೊಂಡು ಓದಲಿ, ಪುಕ್ಕಟೆ ಯಾಕೆ ತೋರಿಸಲಿ ಎಂಬ ಗತ್ತು. ಬಾಯಲ್ಲೇ ಹೇಳಿ, ಬಾಯಲ್ಲೇ ತೀರ್ಪು ತಂದಿದ್ದ.

“ಎಲ್ಲವನ್ನೂ ಒಂದರಲ್ಲೇ ಬರೆದವನಿಗೆ ಇದೇ ಕಷ್ಟ ನೋಡಿ, ಬುದ್ಧೀ. ಅವರ ಖಾನೆ ಚಿಕ್ಕದು, ನಮ್ಮ ಸರಕು ದೊಡ್ಡದು,” ಎಂದ.

ಗುರುಗಳು ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಒಂದು ಮದುವೆಯ ಮನೆಗೆ ಅಡುಗೆಗೆ ಹೋದ. ಹೇಳಿದ್ದೆಲ್ಲ ಮಾಡಿಟ್ಟು, ಹೇಳದ್ದೊಂದನ್ನೂ ಮಾಡಿದ. ಹಲಸಿನ ಬೀಜ, ಹುಣಸೆ, ಬೆಲ್ಲ, ಮೆಣಸು, ಎಳ್ಳು. ನೆಂಟರೆಲ್ಲ ಎಲೆಯ ಮುಂದೆ ಕೂತರು.

ಎಲೆಯಲ್ಲಿ ಪ್ರತಿಯೊಂದಕ್ಕೂ ಜಾಗವಿದೆ. ಎಡತುದಿಗೆ ಉಪ್ಪು, ಉಪ್ಪಿನಕಾಯಿ. ಮೇಲಂಚಿಗೆ ಕೋಸಂಬರಿ, ಪಲ್ಯ. ಬಲಗಡೆ ಕೆಳಗೆ ಪಾಯಸ. ಹೊಸದಕ್ಕೆ ಜಾಗವಿರಲಿಲ್ಲ.

ಉಪ್ಪಿನಕಾಯಿ ಬಡಿಸುವವನು, ಇದರಲ್ಲಿ ಹುಳಿ ಖಾರ ಇದೆ, ಇದು ನಂದು, ಒಂದು ಬೆರಳು ಹಚ್ಚಿದರೆ ಸಾಕು ಎಂದ. ಪಾಯಸದವನು, ಬೆಲ್ಲ ಬಿದ್ದಮೇಲೆ ಸಿಹಿಯೇ, ಕಡೆಗೆ ಬಡಿಸೋಣ ಎಂದ. ಪಲ್ಯದವನು ಬೀಜ ಎಣಿಸಿ ತೋರಿಸಿ, ಇದು ಪಲ್ಯವೇ ಎಂದ. ಮೂವರೂ ಸಟ್ಟುಗ ಹಿಡಿದುಕೊಂಡೇ ಜಗಳಕ್ಕೆ ನಿಂತರು. ಮನೆಯ ಯಜಮಾನ ಓಡಿ ಬಂದ. ಬೀಗರ ಮುಂದೆ ಮಾನ ಹೋಗುತ್ತದೆ, ಎಲೆಯಲ್ಲಿ ಜಾಗವಿಲ್ಲದ್ದನ್ನು ಕಲಗಚ್ಚಿಗೆ ಸುರಿ, ಎಮ್ಮೆ ತಿನ್ನಲಿ ಎಂದ.

ಅಡುಗೆಯವನು ಪಾತ್ರೆಗೆ ಅಡ್ಡ ನಿಂತ. ಒಂದು ಪಂಕ್ತಿಯ ಮಟ್ಟಿಗೆ ಬಿಡಿ ಸ್ವಾಮಿ ಎಂದು ಕೈಮುಗಿದ. ಅನ್ನ ಬರುವ ಮೊದಲು ಎಲೆಯ ನಡುವೆ ಬಯಲಿರುತ್ತದೆ. ತಾನೇ ಹೋಗಿ ಅಲ್ಲಿ ಒಂದೊಂದು ಚಮಚ ಬಡಿಸಿದ. ಆಮೇಲೆ ಕಂಬಕ್ಕೆ ಒರಗಿ ನಿಂತ. ಉಣ್ಣುವವರ ಮುಖವನ್ನು ಅವನು ನೋಡಲಿಲ್ಲ, ಕೈ ನೋಡಿದ.

ಕೆಲವರು ಬೆರಳಲ್ಲಿ ನೆಕ್ಕಿದರು. ನೆಕ್ಕಿದವರು ಅದನ್ನು ಪಕ್ಕಕ್ಕೆ ಸರಿಸಿ, ಅದರ ಮೇಲೆ ಕೈ ಅಡ್ಡ ಇಟ್ಟು, ಅನ್ನ ಕಾದರು. ಅನ್ನ ಬಂತು. ಹಿಂದೆಯೇ ಸಾರು ಬಂತು. ಸಾರು ಬೇಡ, ಮುಂದೆ ಹೋಗು ಎಂದು ಅನ್ನಕ್ಕೆ ಅದನ್ನೇ ಕಲಸಿದರು. ಬೀಗರ ಕಡೆಯ ಮುದುಕರೊಬ್ಬರು ಉಪ್ಪಿನಕಾಯಿಯವನನ್ನು ತಡೆದು, ಅದನ್ನ ಇನ್ನೊಂದಿಷ್ಟು ತಾರಪ್ಪ ಎಂದರು. ಯಾವುದನ್ನ, ಏನಂತ ಹೆಸರು ಎಂದು ಅವನು ಕೇಳಿದ.

“ಹೆಸರು ನೀನೇ ಇಟ್ಟುಕೊ, ಸಟ್ಟುಗ ಈ ಕಡೆ ಬರಲಿ,” ಎಂದರು ಮುದುಕರು.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಕ್ಕವರೆಲ್ಲ ತಮಗೂ ಬರಲಿ ಎಂದರು.

ಎರಡನೆಯ ಪಂಕ್ತಿಗೆ ಅಡುಗೆಯವನು ಯಾರನ್ನೂ ಕೇಳಲಿಲ್ಲ. ಅನ್ನದ ಮಗ್ಗುಲಿಗೆ, ಸಟ್ಟುಗ ತುಂಬ ಎಂದ. ಮೂವರೂ ಜಗಳ ಮರೆತು ಬಡಿಸಿದರು. ಮನೆಯ ಯಜಮಾನನಿಗೆ ಊಟ ಕಡೆಯ ಪಂಕ್ತಿಯಲ್ಲಿ. ಅವನು ಎಲೆಯ ಮುಂದೆ ಕೂತು ಆ ಪಾತ್ರೆ ತನ್ನಿರೋ ಎಂದ. ತಂದರು. ತಳದಲ್ಲಿ ಎರಡು ಎಳ್ಳುಕಾಳು ಇದ್ದವು.

ಕತೆ ಮುಗಿಯಿತು.

ಮರುಳಸಿದ್ಧ ತೊಡೆ ತಟ್ಟಿ ನಕ್ಕ. ಆ ಅಡುಗೆಯವನು ನಮ್ಮ ಸೀಮೆಯವನೇ ಸೈ, ಬೇರೆ ಕಡೆಯವರಿಗೆ ಅಷ್ಟು ಎದೆ ಎಲ್ಲಿಂದ ಬರಬೇಕು ಎಂದ. ತಾನೂ ಅಂಥ ಪಾಕದವನೇ ಎಂದ. ನಗು ಇಳಿದ ಮೇಲೆ ಅರ್ಜಿಯನ್ನು ಜೇಬಿನಿಂದ ತೆಗೆದು ಮೊಣಕಾಲ ಮೇಲೆ ಹರಡಿ, ಪೆನ್ನಿನ ಮುಚ್ಚಳ ಕಚ್ಚಿ ತೆಗೆದ. ಖಾನೆ ಖಾಲಿಯೇ ಇತ್ತು.

“ಅದೆಲ್ಲ ಸರಿ ಬುದ್ಧೀ. ಇಲ್ಲಿ ಏನು ಬರೆಯಲಿ?”

ಗುರುಗಳು ಕನ್ನಡಕ ಒರೆಸಿ ಹಾಕಿಕೊಂಡರು. ಎರಡು ಕೈಯನ್ನೂ ಮುಂದಕ್ಕೆ ಚಾಚಿದರು.

“ಮೊದಲು ಗಂಟು ಬಿಚ್ಚಪ್ಪ, ನಾನು ಎಲೆ ಹಾಸಿಕೊಂಡು ಕೂತು ಎಷ್ಟು ಹೊತ್ತಾಯಿತು.”

ಏಳು ಹಳ್ಳಿಗೆ ಕೇಳುವಂತೆ ಮಾತಾಡುತ್ತಿದ್ದವನು ತುಟಿ ಬಿಚ್ಚಲಿಲ್ಲ, ಗಂಟು ಬಿಚ್ಚಿದ.